ಗಿರಿಜಕ್ಕನ ಕರೆಂಟ್ ಸೈಕಲ್ಲು

ಹೊಸ ಟೈರಿನ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ, ನನಗಂತೂ ಅದು ಮೂಗಿಗೆ ಬಡಿದರೆ ಗಿರಿಜಕ್ಕ ನೆನಪಾಗುತ್ತಾರೆ. ಕಳೆದ ಭಾನುವಾರ ಬಾಗಲಗುಂಟೆಯ ಒಂದು ಅಂಗಡಿಯಲ್ಲಿ ಹಾಗೇ ಆಯಿತು. ಎಳೆದುಕೊಂಡು ಹೋಗಿದ್ದವಳು ನನ್ನ ಮಗಳು. ನನ್ನ ಮಂಡಿನೋವಿಗೆ ಅವಳು ಕಂಡುಹಿಡಿದ ಮದ್ದು ಎಲೆಕ್ಟ್ರಿಕ್ ಸೈಕಲ್ಲು. ಅಂಗಡಿಯವರು, ತಲೆ ಅರ್ಧ ನರೆತ ಮನುಷ್ಯ, ಅದರ ಗುಣಗಾನಕ್ಕೆ ನಿಂತರು. "ಪೆಟ್ರೋಲ್ ಬೇಡ ಮೇಡಂ, ಲೈಸೆನ್ಸ್ ಬೇಡ, ಸೌಂಡೇ ಇರಲ್ಲ. ಬ್ಯಾಟರಿ ಬಿಚ್ಕೊಂಡ್ ಹೋಗಿ ಅಡುಗೆಮನೇಲೇ ಚಾರ್ಜಿಗೆ ಹಾಕ್ಬಹುದು." ಈ ಮಾತುಗಳನ್ನೆಲ್ಲ ಎಷ್ಟೋ ವರ್ಷಗಳ ಹಿಂದೆಯೇ ಕೇಳಿಯಾಗಿತ್ತು. ಅದೂ ಒಬ್ಬರ ಬಾಯಿಂದಲ್ಲ, ಇಡೀ ಒಂದು ಕಂಪನಿಯ ಬಾಯಿಂದ.

ಕಂಪನಿ ಎಂದರೆ ಗಾಜಿನ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಪೀಣ್ಯದಲ್ಲಿ ಶೀಟು ಹೊದಿಸಿದ ಶೆಡ್ಡಿಗೂ ಕಂಪನಿ ಎಂದೇ ಹೆಸರು. ನಮ್ಮದು ನೀರಿನ ಪಂಪಿಗೆ ಬೇಕಾದ ಬಿಡಿಭಾಗಗಳನ್ನು ಮಾಡುವ ಶೆಡ್ಡು. ಗಿರಿಜಕ್ಕ ಡ್ರಿಲ್ಲಿಂಗ್ ಮಿಷನ್ನಿನ ಮುಂದೆ ಕೂರುತ್ತಿದ್ದರು. ನಾನು ಕೊನೆಯ ಮೇಜಿನವಳು. ಸರಿಯಿದ್ದ ಮಾಲನ್ನು ಒಂದು ಟ್ರೇಗೆ, ಕೆಟ್ಟದ್ದನ್ನು ಇನ್ನೊಂದು ಟ್ರೇಗೆ ಹಾಕುವುದು ನನ್ನ ಕೆಲಸ. ಈ ಚಟ ಮನೆಗೆ ಬಂದರೂ ಬಿಡುವುದಿಲ್ಲ. ಗಂಡನನ್ನು ಯಾವ ಟ್ರೇಗೆ ಹಾಕುವುದೆಂದು ನನಗೆ ಇಂದಿಗೂ ತೀರ್ಮಾನಕ್ಕೆ ಬರಲಾಗಿಲ್ಲ.

ಗಿರಿಜಕ್ಕನದು ನಮ್ಮ ಪಕ್ಕದ ಬೀದಿ. ನೆಲಮಂಗಲದ ಕಡೆಯವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಬೆಳಗ್ಗೆ ಅವರು ನಮ್ಮ ಬಾಗಿಲ ಮುಂದೆ ನಿಂತು "ಬಾರೇ, ಒತ್ತಾಯ್ತು" ಎಂದು ಕೂಗುವುದು, ನಾನು ಹೇರ್‌ಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಓಡುವುದು, ಆಮೇಲೆ ಇಬ್ಬರೂ ದಾಸರಹಳ್ಳಿ ಹಾದು, ತುಮಕೂರು ರಸ್ತೆ ದಾಟಿ ಕಂಪನಿಯವರೆಗೂ ನಡೆಯುವುದು. ದಾರಿಯಲ್ಲಿ ಅವರು ಒಂದು ಮೊಳ ಹೂವು ಕೊಂಡು, ಹಲ್ಲಿನಲ್ಲಿ ದಾರ ಕಡಿದು, ಅರ್ಧ ನನಗೆ ಮುಡಿಸುತ್ತಿದ್ದರು. ನಮ್ಮದೊಂದು ಕಟ್ಟಳೆಯಿತ್ತು. ಅತ್ತೆ, ನಾದಿನಿ, ಗಂಡ, ಮಕ್ಕಳು, ಎಲ್ಲ ಮಾತೂ ತುಮಕೂರು ರಸ್ತೆಯವರೆಗೆ ಮಾತ್ರ. ರಸ್ತೆ ದಾಟಿದ ಮೇಲೆ ಮನೆಯ ಸುದ್ದಿ ಎತ್ತುವಂತಿಲ್ಲ. ಸಂಜೆ ವಾಪಸು ದಾಟುವಾಗ ಸೂಪರ್‌ವೈಸರನ ಸುದ್ದಿಯನ್ನು ಅಲ್ಲೇ ಬಿಟ್ಟು ಬರಬೇಕು. ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು, ರಸ್ತೆಯೆಲ್ಲ ಅಗೆದುಹಾಕಿದ್ದರು, ದಾಟಲು ಬಹಳ ಹೊತ್ತು ಹಿಡಿಯುತ್ತಿತ್ತು. ಊರೆಲ್ಲ ಬೈಯುತ್ತಿದ್ದರೆ ನಮಗಿಬ್ಬರಿಗೆ ಮಾತ್ರ ಅದು ಅನುಕೂಲವೇ ಆಗಿತ್ತು.

ಮನೆಯಲ್ಲಿ ಮಾತಾಡಲು ಪುರುಸೊತ್ತಿಲ್ಲ, ಕಂಪನಿಯಲ್ಲಿ ಮಿಷನ್ನಿನ ಸದ್ದಿಗೆ ಮಾತು ಕೇಳಿಸುವುದಿಲ್ಲ. ನಾನು ನಾನಾಗಿ ಇರುತ್ತಿದ್ದದ್ದು ಆ ದಾರಿಯಲ್ಲಿ ಮಾತ್ರ ಎಂದರೆ ನೀವು ನಂಬಬೇಕು.

ಹೀಗಿರುವಾಗ ಗಿರಿಜಕ್ಕನ ಅತ್ತೆಗೆ ಲಕ್ವ ಹೊಡೆಯಿತು. ಗಂಡ ಲಾರಿ ಡ್ರೈವರು, ವಾರಗಟ್ಟಲೆ ಮನೆಗೆ ಬರುವವರಲ್ಲ. ಮಧ್ಯಾಹ್ನ ಯಾರಾದರೂ ಕೂತು ತುತ್ತು ಮಾಡಿ ಬಾಯಿಗಿಡಬೇಕು. ಊಟದ ಬಿಡುವು ಅರ್ಧ ಗಂಟೆ. ನಡೆದು ಹೋಗಿಬರುವ ಮಾತೇ ಇಲ್ಲ. ಇಲ್ಲವೇ ಕೆಲಸ ಬಿಡಬೇಕು. "ಬಿಟ್ರೆ ಇನ್ನೊಂದ್ ಕಡೆ ಯಾವನ್ ಕರೀತಾನೆ ನನ್ನ, ಈ ವಯಸ್ನಾಗೆ?" ಎಂದು ತುಮಕೂರು ರಸ್ತೆಯ ಅಂಚಿನಲ್ಲಿ ನಿಂತು ಕಣ್ಣೊರೆಸಿಕೊಂಡರು. ಅವತ್ತು ಕಟ್ಟಳೆ ಮುರಿದು, ರಸ್ತೆ ದಾಟಿದ ಮೇಲೂ ಅದೇ ಮಾತಾಡಿದೆವು.

ಆಗಷ್ಟೇ ಕರೆಂಟ್ ಸೈಕಲ್ಲುಗಳು ಕಾಣಿಸಿಕೊಳ್ಳತೊಡಗಿದ್ದವು. ಮಧ್ಯಾಹ್ನ ಮನೆಗೆ ಹೋಗಿಬರಲು ಗಿರಿಜಕ್ಕ ಒಂದನ್ನು ತಗೊಳ್ಳುವುದೋ ಬೇಡವೋ ಎಂದು ಇಡೀ ಕಂಪನಿ ಊಟದ ಡಬ್ಬಿ ಮುಂದಿಟ್ಟುಕೊಂಡು ಚರ್ಚೆಗೆ ಕೂತಿತು. "ಲೈಸೆನ್ಸ್ ಕೇಳಲ್ಲ, ಪೊಲೀಸ್ರು ಹಿಡಿಯಲ್ಲ, ಕಣ್ಮುಚ್ಚಿ ತಗೊಳ್ಳಕ್ಕ" ಎಂದ ಲೇತ್ ಮಿಷನ್ನಿನ ಮುರಳಿ. "ಕರೆಂಟೇ ಇಲ್ದಿದ್ರೆ ಏನ್ ಮಾಡ್ತೀಯೋ ಗುರು? ದಿನಾ ಪವರ್ ಕಟ್ಟು" ಎಂದರು ಸ್ಟೋರಿನವರು. ಬ್ಯಾಟರಿ ಕಲ್ಲಿನ ಭಾರ, ಗಿರಿಜಕ್ಕನ ಮೂರನೇ ಮಹಡಿಯ ಮನೆಗೆ ಹೊರುವವರಾರು ಎಂದು ಇನ್ನೊಬ್ಬರು. ಸದ್ದಿಲ್ಲದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಒಬ್ಬರೇ ಕೂರಬೇಕೆಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ನನಗೆ ಹೊಳೆದಿತ್ತು, ಆದರೆ ಅದನ್ನು ಯಾವ ಬಾಯಲ್ಲಿ ಹೇಳುವುದು? ಅಲ್ಲಿ ಹಾಸಿಗೆ ಹಿಡಿದ ಮುದುಕಿಯ ಊಟದ ಪ್ರಶ್ನೆಯಿತ್ತು.

ಕೆಂಪು ಬಣ್ಣದ ಸೈಕಲ್ಲು ಬಂತು. ಮೊದಲ ದಿನ ಹಿಂದಿನ ಕ್ಯಾರಿಯರ್ ಮೇಲೆ ನನ್ನನ್ನೂ ಕೂರಿಸಿಕೊಂಡರು. ಏರು ಬಂದದ್ದೇ ತಡ, ಅದು ಒಂದು ನಿಟ್ಟುಸಿರು ಬಿಟ್ಟು ನಿಂತೇಬಿಟ್ಟಿತು. "ಇಳಿಯೇ ತಾಯಿ, ಮುದ್ದೆ ಕಮ್ಮಿ ತಿನ್ನು" ಎಂದು ನಕ್ಕರು. ಮರುದಿನ ನನ್ನ ಪಕ್ಕದಲ್ಲೇ ನಿಧಾನವಾಗಿ ಓಡಿಸಲು ನೋಡಿದರು. ನಿಧಾನಕ್ಕೆ ಹೋದರೆ ಓಲಾಡುತ್ತದೆ, ಹ್ಯಾಂಡಲ್ಲಿನ ಹಿಡಿ ಸ್ವಲ್ಪ ತಿರುಗಿಸಿದರೆ ಹಾರುತ್ತದೆ. ಇನ್ನು ಜೊತೆಯಾಗಿ ಹೋಗುವುದು ಆಗದ ಮಾತೆಂದು ಕೆಲವು ದಿನ ಕಳೆಯುವುದರೊಳಗೆ ಇಬ್ಬರಿಗೂ ಅರ್ಥವಾಯಿತು. ಬೆಳಗ್ಗೆ ಅತ್ತೆಯ ಸ್ನಾನ ಮುಗಿಸಿ ಅವರು ತಡವಾಗಿ ಹೊರಡುತ್ತಿದ್ದರು. ದಾಸರಹಳ್ಳಿಯ ಹತ್ತಿರ ನನ್ನನ್ನು ದಾಟುವಾಗ "ಬತ್ತೀನಿ ಕಣೇ" ಎನ್ನುತ್ತಿದ್ದರು. ನಾನು ತಿರುಗಿ ನೋಡುವಷ್ಟರಲ್ಲಿ ಅವರ ಬೆನ್ನು ಕಾಣುತ್ತಿತ್ತು. ಮಧ್ಯಾಹ್ನ ಅತ್ತೆ ಬಿಸಿಬಿಸಿ ಉಣ್ಣುತ್ತಿದ್ದರು, ಗಿರಿಜಕ್ಕನ ಕೆಲಸ ಉಳಿಯಿತು. ನಾನು ಒಬ್ಬಳೇ ಒಂದು ಮೊಳ ಹೂವು ಕೊಂಡು ಒಬ್ಬಳೇ ಮುಡಿದೆ. ಅದು ತಲೆಗೆ ಭಾರವೆನಿಸಿ, ಕೊಳ್ಳುವುದನ್ನೇ ಬಿಟ್ಟೆ.

ಆಯುಧಪೂಜೆ ಬಂತು. ಪೀಣ್ಯದ ಆಯುಧಪೂಜೆಯನ್ನು ನೀವು ನೋಡಿರಬೇಕು. ಮಿಷನ್ನುಗಳಿಗೆಲ್ಲ ಕುಂಕುಮ, ಬಾಳೆಕಂದು, ಗೇಟಿನಲ್ಲಿ ಒಡೆದ ಬೂದುಗುಂಬಳ. ಗಾಡಿ ತೊಳೆಯಬೇಕಲ್ಲ. ಗಿರಿಜಕ್ಕ ಸೀರೆ ಎತ್ತಿ ಕಟ್ಟಿ, ಊರಲ್ಲಿ ಎತ್ತಿನ ಮೈ ತೊಳೆಯುವ ಹಾಗೆ, ಬಕೆಟ್ಟುಗಟ್ಟಲೆ ನೀರು ಹುಯ್ದು ಸೈಕಲ್ಲನ್ನು ಉಜ್ಜಿದರು. "ವರ್ಸಕ್ಕೊಂದ್ ದಪ ಆದ್ರೂ ಮೈ ತಣ್ಣಗಾಗ್ಲಿ" ಎಂದರು. ಅರಿಶಿನ ಹಚ್ಚಿದೆವು, ಚಕ್ರದಡಿ ನಿಂಬೆಹಣ್ಣು ಇಟ್ಟೆವು. ತಳ್ಳಿದರೆ ಹಣ್ಣು ಅಪ್ಪಚ್ಚಿಯಾಗದೆ ಪಕ್ಕಕ್ಕೆ ಜಾರಿತು. ಮುರಳಿ ಬಿದ್ದು ಬಿದ್ದು ನಕ್ಕ. ಗಿರಿಜಕ್ಕ ಹತ್ತಿ ಕೂತು ಹ್ಯಾಂಡಲ್ ತಿರುಗಿಸಿದರು. ಸೈಕಲ್ಲು ಮಿಸುಕಲಿಲ್ಲ. ಎಲ್ಲಿಗೆ ಹೋಗಬಾರದೋ ಅಲ್ಲಿಗೆಲ್ಲ ನೀರು ಹೋಗಿತ್ತು.

ಪೂಜೆ ತಡವಾಗಿ, ಅತ್ತೆಯ ಊಟದ ಹೊತ್ತು ಆಗಲೇ ಮೀರಿತ್ತು. ಗಿರಿಜಕ್ಕನ ಮುಖ ಬಿಳುಚಿಕೊಂಡಿತು. ಕೆಳಗಿನ ಮನೆಯ ಓನರಮ್ಮನಿಗೆ ಫೋನು ಹಚ್ಚಿದರು. "ಏ ಗಿರಿಜಾ, ನಾನೇ ಹೋಳಿಗೆ ಚೂರ್ ಮಾಡಿ ತಿನ್ಸಿದ್ದೀನಿ, ಉಂಡ್ ಮಲಗವ್ರೆ. ನೀನ್ ನಿಧಾನಕ್ಕೆ ಬಾ" ಎಂಬ ಉತ್ತರ ನನಗೂ ಕೇಳಿಸಿತು.

ನಿಧಾನಕ್ಕೆ ಬಾ. ಆ ಮಾತನ್ನು ಗಿರಿಜಕ್ಕನಿಗೆ ಅದೆಷ್ಟು ತಿಂಗಳಿಂದ ಯಾರೂ ಹೇಳಿರಲಿಲ್ಲವೋ. ಹಬ್ಬದ ರಜೆಗೆ ಶೆಡ್ಡಿಗೆ ಬೀಗ ಬೀಳುವುದರಲ್ಲಿತ್ತು, ಸೈಕಲ್ಲನ್ನು ಬಿಟ್ಟು ಬರುವಂತಿರಲಿಲ್ಲ. ಅವರು ಹ್ಯಾಂಡಲ್ ಹಿಡಿದರು, ನಾನು ಹಿಂದಿನಿಂದ ತಳ್ಳಿದೆ. ಎಮ್ಮೆಯಂಥ ಭಾರ. ಅರ್ಧ ಫರ್ಲಾಂಗು ಹೋಗುವಷ್ಟರಲ್ಲಿ ಗಿರಿಜಕ್ಕ ಬಾಯಿ ಬಿಟ್ಟರು. ಕೂಡಿಟ್ಟದ್ದೆಲ್ಲ ಹೊರಬಂತು: ಅತ್ತೆ ಮಗುವಿನ ಹಾಗೆ ಸೆರಗು ಹಿಡಿಯುವುದು, ಗಂಡನ ಫೋನು ಬಾರದಿರುವುದು. "ಇದ್ ಬಂದ್ಮ್ಯಾಲೆ ಬಿರ್ರನೆ ಓಗ್ತೀನಿ, ಬಿರ್ರನೆ ಬತ್ತೀನಿ. ಒಂದ್ ಮಾತಾಡಕ್ಕೂ ಜನ ಇಲ್ಲ ಕಣೇ ನಂಗೆ" ಎಂದರು. ನನಗೂ ಹಾಗೇ ಆಗಿದೆ ಅಕ್ಕ, ಎಂದೆ. ನನ್ನ ಕಣ್ಣಲ್ಲೂ ನೀರಿತ್ತು, ಆದರೂ ಅಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿಲ್ಲ. ಅವರೂ ಅವಸರ ಮಾಡಲಿಲ್ಲ.

ರಜೆ ಮುಗಿದ ಮೇಲೆ ಮೆಕ್ಯಾನಿಕ್ಕು ಬಂದು ಒಳಗೆಲ್ಲ ಒಣಗಿಸಿ ಸರಿಮಾಡಿಕೊಟ್ಟ. ಮತ್ತೆ "ಬತ್ತೀನಿ ಕಣೇ", ಮತ್ತೆ ಬೆನ್ನು. ಮುಂದೊಂದು ವರ್ಷ ಅತ್ತೆ ತೀರಿಕೊಂಡರು. ಇನ್ನು ಮೊದಲಿನಂತೆ ನಡೆದು ಹೋಗಬಹುದೆಂದು ನಾನು ಕಾಯುತ್ತಿದ್ದೆ. ಆದರೆ ಅಷ್ಟರಲ್ಲಿ ಗಂಡ ಲಾರಿ ಬಿಟ್ಟಿದ್ದರು, ಸಂಸಾರ ಊರಿಗೆ ಹೊರಟಿತು. ಕೆಲವು ಕಾಲ ಫೋನಿತ್ತು. ಆಮೇಲೆ ಅವರ ನಂಬರು ಬದಲಾಯಿತು. ಇವತ್ತಿಗೂ ತುಮಕೂರು ರಸ್ತೆ ದಾಟುವಾಗ ಅವರಿಗೆ ಹೇಳಬೇಕಾದ ಒಂದಲ್ಲ ಒಂದು ಸುದ್ದಿ ನಾಲಿಗೆಯ ತುದಿಗೆ ಬರುತ್ತದೆ.

"ಹತ್ತಿ ಮೇಡಂ, ಒಂದ್ ರೌಂಡ್ ಹೊಡೀರಿ" ಎಂದರು ಅಂಗಡಿಯವರು. ನಾನು ಹತ್ತಲಿಲ್ಲ. ಸೈಕಲ್ಲನ್ನು ಇಳಿಸಿಕೊಂಡು, ಅಂಗಡಿಯ ಮುಂದೆ ಅತ್ತಿಂದಿತ್ತ ತಳ್ಳಿಕೊಂಡು ನಡೆದೆ. ಮಗಳು ಹಣೆ ಚಚ್ಚಿಕೊಂಡಳು.

"ಆಫ್ ಮಾಡಿ ತಳ್ಳಿದ್ರೆ ಯಾವಾಗ್ಲೂ ಇಷ್ಟೇ ಹಗುರ ಇರುತ್ತಾ ಸಾರ್?"

"ತಳ್ಳೋದ್ಯಾಕೆ ಮೇಡಂ? ಕೆಟ್ಟೋಗಲ್ಲ, ವಾರಂಟಿ ಕೊಡ್ತೀವಿ."

"ಕೆಡೋದಕ್ಕಲ್ಲ ಸಾರ್" ಎಂದೆ. "ದಾರೀಲಿ ಯಾರಾದ್ರೂ ನಮ್ಮೋರು ನಡ್ಕೊಂಡು ಹೋಗ್ತಾ ಸಿಕ್ತಾರಲ್ಲ, ಆಗ ಇಳೀಬೇಕಲ್ವಾ?"