ನೀರಿಗೆ ಹೆಪ್ಪು ಹಾಕಿದ ಶರಣಪ್ಪ ಕಾಕಾ

ಹತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಕಮಲಾಪುರದ ಕುಡಿಯುವ ನೀರಿನ ಶುದ್ಧೀಕರಣ ಘಟಕದಲ್ಲಿ ಕೆಮಿಸ್ಟ್. ಮನೆ ಕಲಬುರಗಿಯ ಮೋಮಿನಪುರದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಮರಳುತ್ತಿದ್ದೆ. ನನಗೊಂದು ಕಾಯಿಲೆಯಿದೆ, ಸ್ವಚ್ಛತೆಯದು. ತೊಳೆದದ್ದನ್ನೇ ಮತ್ತೆ ತೊಳೆಯುತ್ತೇನೆ. ಇವಳ ಕೈಗೆ ಸಿಕ್ಕರೆ ಚಂದ್ರನ ಕಲೆಯನ್ನೂ ಉಜ್ಜಿಬಿಡುತ್ತಾಳೆ ಎಂದು ಅಮ್ಮಿ ಛೇಡಿಸುತ್ತಿದ್ದಳು. ಆ ವರ್ಷ ನನ್ನ ಕಾಯಿಲೆ ಇಡೀ ಊರಿನ ನೀರಿಗೇ ಮುಳುವಾಯಿತು.

ನಮ್ಮದು ಹಳೆಯ ಕಾಲದ ಸ್ಲೋ ಸ್ಯಾಂಡ್ ಫಿಲ್ಟರ್. ದೊಡ್ಡ ತೊಟ್ಟಿಯಲ್ಲಿ ಸುಮಾರು ಮೂರಡಿ ಮರಳು, ಅದರ ಮೇಲೆ ನಿಂತ ಕೆರೆಯ ನೀರು. ಆ ನೀರು ತನ್ನ ಪಾಡಿಗೆ ನಿಧಾನವಾಗಿ ಮರಳಿನಲ್ಲಿ ಇಳಿದು, ಅಡಿಯ ಪೈಪಿನಿಂದ ತಿಳಿಯಾಗಿ ಹೊರಬರುತ್ತದೆ. ಮರಳಿನ ಮೇಲೆ ಮಾತ್ರ ಕಂದು-ಹಸಿರು ಲೋಳೆಯ ತೆಳುಪದರ ಕಟ್ಟುತ್ತದೆ. ಅದು ದಪ್ಪವಾಗಿ ನೀರು ಇಳಿಯದಂತಾದಾಗ ಮೇಲಿನ ಅರ್ಧ ಬೆರಳಿನಷ್ಟು ಮರಳನ್ನು ಕೆರೆದು ತೆಗೆಯಬೇಕು. ಅಂಥ ಎರಡು ತೊಟ್ಟಿಗಳಿದ್ದವು. ಒಂದನ್ನು ಕೆರೆದಾಗ ಇನ್ನೊಂದನ್ನು ಮುಟ್ಟಬಾರದು ಎಂಬುದು ಅಲ್ಲಿಯ ರೂಢಿ. ಆಪರೇಟರ್ ಶರಣಪ್ಪ ಅದನ್ನು ವ್ರತದಂತೆ ಪಾಲಿಸುತ್ತಿದ್ದರು. ಇಪ್ಪತ್ತೈದು ವರ್ಷ ಆ ತೊಟ್ಟಿಗಳ ದಂಡೆಯಲ್ಲೇ ಕಳೆದ ಮನುಷ್ಯ. ನಾನು ಕಾಕಾ ಎನ್ನುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಮೇಲಧಿಕಾರಿಗಳು ತಪಾಸಣೆಗೆ ಬರುವ ಸುದ್ದಿ ಬಂತು. ಆ ಲೋಳೆ ಅವರ ಕಣ್ಣಿಗೆ ಬಿದ್ದರೆ ನನ್ನ ಮರ್ಯಾದೆ ಏನಾದೀತು? ಎರಡೂ ತೊಟ್ಟಿ ಖಾಲಿ ಮಾಡಿಸಿ, ಗೇಣು ಆಳ ಕೆರೆಸಿ, ಆ ಮರಳನ್ನು ಹೊರಗೆ ಎಸೆದು, ಬ್ಲೀಚಿಂಗ್ ಪೌಡರಿನ ನೀರು ಹೊಡೆಯಲು ಹೇಳಿದೆ.

"ಬ್ಯಾಡ್ರೀ ಮೇಡಂ," ಎಂದರು ಶರಣಪ್ಪ. "ಅದು ಹೊಲಸಲ್ರೀ. ನೀರು ಕಾಯೋದೇ ಅದು."

"ಕಾಕಾ, ನಾ ಎಂ.ಎಸ್ಸಿ. ಓದೀನಿ," ಎಂದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಆ ಪದರದ ಬಗ್ಗೆ ಪುಸ್ತಕದಲ್ಲಿ ಎರಡು ಸಾಲು ಓದಿದ್ದೆ. ಬ್ಲೀಚಿಂಗ್ ಪೌಡರಿನ ಮುಂದೆ ಅದೇನು ಮಹಾ ಎಂಬ ಗರ್ವ.

ಅಧಿಕಾರಿಗಳು ಬಂದರು, ಬೆಳ್ಳನೆ ಮರಳು ನೋಡಿ ಶಹಬ್ಬಾಸ್ ಎಂದು ಹೋದರು. ತೊಟ್ಟಿಗಳಿಗೆ ಮತ್ತೆ ನೀರು ಬಿಟ್ಟ ಮೇಲೆ ಪರೀಕ್ಷಾ ಬಾಟಲಿಗಳಲ್ಲಿ ಫಿಲ್ಟರಿನ ನೀರು ತುಂಬಿಟ್ಟೆ. ನೀರಿನಲ್ಲಿ ಕರುಳಿನ ರೋಗಾಣು ಇದ್ದರೆ ಒಂದೆರಡು ದಿನದಲ್ಲಿ ಈ ಬಾಟಲಿ ಕಪ್ಪಾಗುತ್ತದೆ. ಎರಡೂ ತೊಟ್ಟಿಯ ಬಾಟಲಿಗಳು ಇದ್ದಿಲಿನಷ್ಟು ಕಪ್ಪಾದವು. ಕಣ್ಣಿಗೆ ಆ ನೀರು ಎಷ್ಟು ತಿಳಿಯಾಗಿತ್ತೆಂದರೆ ನಾನೇ ಕುಡಿದುಬಿಡುತ್ತಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನನಗೆ ತಿಳಿದದ್ದು ಅಂದು.

ಊರಿಗೆ ಬಿಡುವ ನೀರಿನಲ್ಲಿ ಕ್ಲೋರಿನ್ ಹೆಚ್ಚಿಸಿದೆವು. ಆದರೆ ಅದೊಂದನ್ನೇ ನಂಬಿ ಊರಿನ ಜೀವವನ್ನು ಪಣಕ್ಕಿಡಲು ಧೈರ್ಯ ಬರಲಿಲ್ಲ. ಆಟೋಗೆ ಮೈಕು ಕಟ್ಟಿಸಿ, ನೀರು ಕುದಿಸಿಯೇ ಕುಡಿಯಿರಿ ಎಂದು ಕನ್ನಡದಲ್ಲೂ ಉರ್ದುವಿನಲ್ಲೂ ನಾನೇ ಕೂಗಿದೆ. ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸೊಬ್ಬಳು ಆಟೋ ತಡೆದಳು.

"ಮನ್ಯಾಗ ಮಗಳು ಬಾಣಂತಿ ಅದಾಳ್ರೀ. ಎಷ್ಟು ದಿನ ಹಿಂಗ?"

ಘಟಕಕ್ಕೆ ಬಂದವಳೇ ಶರಣಪ್ಪನವರ ಮುಂದೆ ನಿಂತು ತಪ್ಪು ನನ್ನದು ಎಂದೆ. ಅವರು ನನ್ನನ್ನು ಪಂಪ್‌ಹೌಸಿನ ಹಿಂದೆ ಕರೆದೊಯ್ದರು. ಹಸಿ ಗೋಣಿಚೀಲಗಳ ಅಡಿಯಲ್ಲಿ, ಬ್ಲೀಚಿಂಗ್ ಹೊಡೆಯುವ ಮೊದಲು ಕೆರೆದ ಲೋಳೆಮರಳಿನ ಗುಡ್ಡೆಯಿತ್ತು. ದಿನಾ ಕೆರೆಯ ನೀರು ಚಿಮುಕಿಸಿ ಒಣಗದಂತೆ ಇಟ್ಟಿದ್ದರು.

"ಒಗೀರಿ ಅಂದಿದ್ರಿ. ಮನಸಾಗ್ಲಿಲ್ರೀ," ಎಂದರು. "ಹಾಲಿಗಿ ಹೆಪ್ಪು ಹಾಕಲ್ಲೇನು? ಇದೂ ಹಂಗೇ."

ಬ್ಲೀಚಿಂಗಿನ ವಾಸನೆ ಪೂರ್ತಿ ಹೋಗುವವರೆಗೆ ತೊಟ್ಟಿಗಳನ್ನು ತೊಳೆದೆವು. ಆಮೇಲೆ ಶರಣಪ್ಪ ಬಿತ್ತನೆಗೆ ಇಳಿದವರ ಹಾಗೆ ಬುಟ್ಟಿ ಹಿಡಿದು, ಆ ಮರಳನ್ನು ಹಿಡಿಹಿಡಿಯಾಗಿ ಹರಡಿದರು.

ಅದರದೊಂದು ಚಿಟಿಕೆಯನ್ನು ಬಾಟಲಿಯಲ್ಲಿಟ್ಟುಕೊಂಡು ಕಲಬುರಗಿಗೆ ಹೋದೆ. ಅಲ್ಲಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಗೆಳತಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಗಾಜಿನಂಥ ಮೈಯ ಪುಟ್ಟ ಜೀವಿಗಳು, ಬಾಯಿಯ ಸುತ್ತಲಿನ ರೋಮ ತಿರುಗಿಸುತ್ತ, ರೋಗಾಣುಗಳಂಥ ತಮಗಿಂತ ಸಣ್ಣ ಜೀವಗಳನ್ನು ಹಿಡಿದು ನುಂಗುತ್ತಿದ್ದವು. ಪುರುಸೊತ್ತಿಲ್ಲ, ರಜೆಯಿಲ್ಲ. ಒಂದು ಹನಿಯಲ್ಲಿ ಒಂದು ಶಹರವೇ ಇತ್ತು. ಇಂಥವರನ್ನು ನಾನು ಪೌಡರ್ ಹಾಕಿ ಕೊಂದಿದ್ದೆನಲ್ಲ ಎಂದು ಕಣ್ಣು ತುಂಬಿ, ಮುಂದೆ ಏನೂ ಕಾಣದಾಯಿತು.

ಮೊಬೈಲಿನಲ್ಲಿ ಹಿಡಿದ ಚಿತ್ರವನ್ನು ಮರುದಿನ ಶರಣಪ್ಪನವರಿಗೆ ತೋರಿಸಿದೆ. ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇವರೇನ್ರೀ ನಮ್ಮ ಮಂದಿ?"

ದಿನಾ ಬಾಟಲಿ ತುಂಬಿಟ್ಟೆವು. ಮೊದಮೊದಲು ಕಪ್ಪು, ಆಮೇಲೆ ಬೂದು. ಹನ್ನೆರಡನೇ ದಿನ ತುಂಬಿದ ಬಾಟಲಿಗಳು ಬಣ್ಣವೇ ತಿರುಗಲಿಲ್ಲ. ನಂಬಿಕೆಯಾಗದೆ ಮತ್ತೆರಡು ಸಲ ನೋಡಿದೆ, ಹಾಗೇ ಇದ್ದವು. ಬಾಣಂತಿಯ ಮನೆ ಹುಡುಕಿಕೊಂಡು ಹೋಗಿ, ಇನ್ನು ಹೆದರಬೇಡಿ ಎಂದು ಹೇಳಿ ಬಂದೆ. ತಾಯಿ-ಮಗು ಚೆನ್ನಾಗಿದ್ದರು.

ಲಾಗ್ ಬುಕ್ಕಿನಲ್ಲಿ ಎಲ್ಲವನ್ನೂ ಬರೆದೆ, ನನ್ನ ತಪ್ಪನ್ನೂ ಸೇರಿಸಿ. ಕೆಲಸ ಮಾಡಿದವರು ಎಂಬ ಕಾಲಂನಲ್ಲಿ ಶರಣಪ್ಪನವರ ಹೆಸರು ಬರೆಯಹೋದರೆ ಅವರು ಕೈ ಅಡ್ಡ ಹಿಡಿದರು.

"ನಾ ಏನ್ ಮಾಡೀನ್ರೀ ಮೇಡಂ? ಮಾಡಿದೋರು ಅವ್ರು. ನಾವು ಅಡ್ಡ ಬರ್ಲಿಲ್ಲ, ಅಷ್ಟೇ."

ಆಮೇಲೆ ಎಷ್ಟೋ ಘಟಕಗಳಲ್ಲಿ ದುಡಿದಿದ್ದೇನೆ. ತೊಳೆಯುವ ಕಾಯಿಲೆ ಪೂರ್ತಿ ಹೋಗಿಲ್ಲ. ಆದರೆ ಹೊಸ ಜಾಗದಲ್ಲಿ ಏನನ್ನಾದರೂ ತೊಳೆಸುವ ಮೊದಲು ಅಲ್ಲಿಯ ಹಳೆಯ ಆಪರೇಟರನ್ನು ಕರೆದು ಕೇಳುತ್ತೇನೆ: ಇಲ್ಲಿ ನನ್ನ ಕಣ್ಣಿಗೆ ಕಾಣದೆ ಯಾರ್ಯಾರು ಕೆಲಸ ಮಾಡಾಕತ್ತಾರ?