ಓದದೆ ಹಾಕಿದ ಸಹಿ

ನನಗೆ ದಾಕ್ಷಿಣ್ಯ ಜಾಸ್ತಿ. ಮನೆಬಾಗಿಲಿಗೆ ಬಂದು ಯಾರೇನು ಕೇಳಿದರೂ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಎಂಬತ್ತರ ದಶಕದಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿದ್ದಾಗ ಒಂದು ಸಂಜೆ ಪಕ್ಕದ ಮನೆಯಾಕೆ ಕಾಗದ ಹಿಡಿದು ಬಂದರು. ಬೀದಿಯಲ್ಲಿ ಕಾರುಗಳ ಕಾಟ ವಿಪರೀತವಾಗಿದೆ, ಸಿಟಿಯವರಿಗೆ, ಅಂದರೆ ನಗರಸಭೆಗೆ, ಅರ್ಜಿ ಕೊಡಬೇಕು ಎಂದರು. ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು. ಓದದೆ ಸಹಿ ಜಡಿದೆ.

ನಮ್ಮ ಬೀದಿಯ ಕೊನೆಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗ್, ಇತ್ತು. ಊರಿಗೆ ಹೊಸ ಹೊಸ ಕುಟುಂಬಗಳು ಬಂದು ಜಾಗ ಸಾಲದಾಗಿತ್ತು. ಹಬ್ಬದ ದಿನ ಅರ್ಧ ಜನ ಅಂಗಳದಲ್ಲಿ ನಿಂತೇ ಪ್ರಾರ್ಥಿಸುತ್ತಿದ್ದರು. ಅವರ ಶಿಶುವಿಹಾರಕ್ಕೆ ಬೇರೆಯವರ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದರು. ನಮ್ಮ ಮಗಳೂ ಅಲ್ಲೇ. ಉಗ್ರಾಣದಂಥ ಕೋಣೆಯಲ್ಲಿ ಇಪ್ಪತ್ತು ಮಕ್ಕಳು! ದೊಡ್ಡ ಸಭಾಂಗಣ, ಎರಡು ತರಗತಿ ಕಟ್ಟಲು ಸಿಟಿಯ ಅನುಮತಿ ಸಿಗದಿದ್ದರೆ ಬೇಸಿಗೆಗೆ ಶಿಶುವಿಹಾರ ಮುಚ್ಚುವುದೇ ಎಂದಿದ್ದರು ಟೀಚರು. ಅರವತ್ತು ದಾಟಿದ ಅವರಿಗೆ ಅದೇ ಪ್ರಪಂಚ. ಸಿಟಿಯ ಸಭೆಗೆ ತಂದೆತಾಯಂದಿರೆಲ್ಲ ಬನ್ನಿ ಎಂದು ಕೇಳಿಕೊಂಡರು. ಅವರಿಗೂ ನಾನು ಇಲ್ಲ ಎನ್ನಲಿಲ್ಲ.

ಸಭೆಯಲ್ಲಿ ಟೀಚರ ಪಕ್ಕದಲ್ಲೇ ಕೂತಿದ್ದೆ. ಕಟ್ಟಡ ಬೇಡವೆಂದು ಅರ್ಜಿ ಹಾಕಿದವರ ಹೆಸರುಗಳನ್ನು ಸಿಟಿಯ ಗುಮಾಸ್ತರು ಓದತೊಡಗಿದರು. ನಾಲ್ಕನೆಯದು ನನ್ನದು. ತಡವರಿಸಿ ಓದಿದರೇನಂತೆ, ಅಷ್ಟುದ್ದದ ಹೆಸರು ಆ ಬೀದಿಯಲ್ಲಿ ಇನ್ಯಾರಿಗಿತ್ತು! ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಏನೇ ಇದು, ನೀನು ಸೈನ್ ಮಾಡಿದ್ಯಾ?” ಎಂದು ಇನ್ನೊಂದು ಪಕ್ಕದಲ್ಲಿ ಕೂತಿದ್ದ ಗಂಡ ಪಿಸುಗುಟ್ಟಿದರು.

“ಪಾರ್ಕಿಂಗಿಗೆ ಅಂದ್ಕೊಂಡೆ ಕಣ್ರೀ.”

“ಹಾಗಾದ್ರೆ ಹೋಗಿ ಹೇಳು.”

ಎದ್ದು ಹೋಗಿ ಮೈಕಿನ ಮುಂದೆ ನಿಂತೆ. ಮೊದಲ ಸಾಲಿನಲ್ಲೇ ಪಕ್ಕದ ಮನೆಯಾಕೆ. ಓದದೆ ಸಹಿ ಹಾಕಿದ್ದು ನನ್ನ ತಪ್ಪು, ನನ್ನ ಹೆಸರು ಹೊಡೆದುಹಾಕಿ, ನನ್ನ ಮಗಳು ಕಲಿಯುವ ಜಾಗ ಅದು, ಕಟ್ಟಲು ಬಿಡಿ ಎಂದೆ. ಆಕೆ ಮುಖ ತಿರುಗಿಸಿಕೊಂಡರು. ಅಂತೂ ಅನುಮತಿ ಸಿಕ್ಕಿತು. ನನ್ನ ಭಾಷಣದಿಂದಲ್ಲ ಬಿಡಿ. ಸಿನಗಾಗಿನವರು ತಮ್ಮ ನಕ್ಷೆಯಲ್ಲಿ ಕಾರುಗಳಿಗೂ ಜಾಗ ತೋರಿಸಿದ್ದರು.

ಹೊರಗೆ ಟೀಚರ ಕೈ ಹಿಡಿದು ಅತ್ತೇಬಿಟ್ಟೆ. ನನ್ನ ಹೆಸರು ಕೇಳಿ ನಿಮಗೆ ಎಷ್ಟು ನೋವಾಯಿತೋ ಎಂದೆ.

“ಅರ್ಜಿಯ ಪ್ರತಿ ನಮಗೆ ತಿಂಗಳ ಹಿಂದೆಯೇ ಬಂದಿತ್ತಲ್ಲ” ಎಂದರು ಅವರು.

ಆಮೇಲಿನ ಆ ತಿಂಗಳಲ್ಲೇ ಒಂದು ಮಧ್ಯಾಹ್ನ ಶಿಶುವಿಹಾರದಲ್ಲಿ ನನ್ನ ಮಗಳಿಗೆ ಮೈ ಸುಡುವ ಜ್ವರ ಬಂದಿತ್ತು. ನಾನು ಆಫೀಸಿನಿಂದ ಓಡಿಬರುವವರೆಗೆ ಮೂರು ಗಂಟೆ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದವರು ಅವರೇ.