ಹುಳ ಹಣ್ಣಾದ ದಿನ ನನ್ನ ಡೆಮೋ ಕ್ಲಾಸು

ಈ ಇಂಗ್ಲಿಷಿನವರಿಗೆ ತಳ್ಳುವುದರ ಮೇಲೆ ಅದೇನು ಪ್ರೀತಿಯೋ! ‘ಪುಶ್’ ಎಂದರೆ ತಳ್ಳು, ಅಷ್ಟೇ ಅಂದುಕೊಂಡು ಸುಮ್ಮನಿರುವ ಹಾಗಿಲ್ಲ. ಪಕ್ಕದಲ್ಲಿ ‘ಆನ್’ ಬಂದು ಕೂತರೆ ಕಷ್ಟವಾದರೂ ಬಿಡದೆ ಮುಂದುವರಿಯುವುದು. ‘ಫಾರ್’ ಬಂದರೆ ಬೇಕೇ ಬೇಕೆಂದು ಪಟ್ಟು ಹಿಡಿಯುವುದು. ‘ಆಫ್’ ಬಂದರಂತೂ ಇಲ್ಲಿಂದ ತೊಲಗು ಎಂದರ್ಥ. ರಾಮನಗರದ ಒಂದು ಶಾಲೆಯವರು ಡೆಮೋ ಕ್ಲಾಸಿಗೆಂದು ನನಗೆ ಕೊಟ್ಟಿದ್ದು ಈ ಪಾಠವನ್ನೇ. ಮಕ್ಕಳಿಗೆ ಅರ್ಥವಾಗುವಂತೆ ಮಾಡಿದರೆ ಟೀಚರ್ ಕೆಲಸ. ಮದುವೆಯಾಗಿ ಕೂಟಗಲ್ ಕಡೆ ಬಂದಾಗಿನಿಂದ ನಾನು ಆಸೆಪಟ್ಟಿದ್ದು ಅದೊಂದಕ್ಕೇ.

ನಮ್ಮದು ರೇಷ್ಮೆಹುಳ ಸಾಕುವ ಮನೆ. ಚಾಕಿ, ಅಂದರೆ ಮರಿಹುಳ, ಯಾವತ್ತು ತಂದೆವು ಅನ್ನುವುದರ ಮೇಲೆ ಅವು ಹಣ್ಣಾಗಿ ಗೂಡು ಕಟ್ಟುವ ದಿನ ನಿಂತಿರುತ್ತದೆ. ಹುಳಗಳಿಗೆ ಸೊಪ್ಪು ಹಾಕುತ್ತಲೇ ನಾನು ಅತ್ತೆಗೆ ಪಾಠ ಒಪ್ಪಿಸುತ್ತಿದ್ದೆ.

“ಪುಶ್ ಅರೌಂಡ್ ಅಂದ್ರೆ ಒಬ್ಬರನ್ನ ದಬಾಯಿಸಿ, ಅದು ಮಾಡು ಇದು ಮಾಡು ಅಂತ ಗೋಳು ಹುಯ್ಕೊಳ್ಳೋದು ಅತ್ತೆ.”

“ಯಾರ್ನ ನೋಡ್ಕಂಡು ಹೇಳ್ತಿದ್ದೀಯವ್ವ ಇದ?”

“ಅಯ್ಯೋ, ಪುಸ್ತಕದಲ್ಲಿರೋದು ಅತ್ತೆ!”

“ಇರ್ಲಿ ಇರ್ಲಿ. ಆ ಮೂಲೆ ತಟ್ಟೆಗೂ ಒಸಿ ಸೊಪ್ಪಾಕು.”

ಇಬ್ಬರಿಗೂ ನಕ್ಕೂ ನಕ್ಕೂ ಸಾಕಾಯಿತು.

ಡೆಮೋ ದಿನ ಬೆಳಿಗ್ಗೆ ನೋಡಿದರೆ ಹುಳಗಳೆಲ್ಲ ಹಳದಿಗೆ ತಿರುಗಿ ತಲೆ ಎತ್ತಿವೆ. ನನ್ನ ಗ್ರಹಚಾರ! ಹಣ್ಣಾದ ಹುಳವನ್ನು ಬೇಗ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನಲ್ಲೇ ನೂಲು ಬಿಟ್ಟು ಬೆಳೆ ಹಾಳು. ಅವತ್ತು ಕೊನೆಯ ಹುಳ ಚಂದ್ರಿಕೆ ಹತ್ತುವವರೆಗೆ ನಮ್ಮ ಮನೆಯಿಂದ ಯಾರೂ ಹೊರಗೆ ಹೋಗುವುದಿಲ್ಲ. ಅತ್ತೆ ಸ್ವಂತ ತಮ್ಮನ ಧಾರೆಗೇ ಹೋಗಿರಲಿಲ್ಲವಂತೆ. ಇನ್ನು ನಾನು ಯಾವ ಬಾಯಲ್ಲಿ ಕೇಳಲಿ? ಉಟ್ಟಿದ್ದ ಒಳ್ಳೆ ಸೀರೆ ಬದಲಿಸಲು ಒಳಗೆ ಹೊರಟೆ. ಅಳು ಬಂತು.

“ಅದ್ಯಾಕವ್ವ ಒಳಕ್ಕೋಯ್ತಿದ್ದೀಯ? ಬಸ್ ಬತ್ತದೆ, ಹೊರಡು. ಇಲ್ಲಿದ್ ನಾವ್ ನೋಡ್ಕತ್ತೀವಿ,” ಎಂದರು ಅತ್ತೆ.

ಕ್ಲಾಸಿನಲ್ಲಿ ಪುಸ್ತಕದ ಉದಾಹರಣೆಗಳನ್ನೆಲ್ಲ ಬಿಟ್ಟೆ. ಸೊಂಟ ನೋಯುತ್ತಿದ್ದರೂ ಹುಳ ಆರಿಸುವುದನ್ನು ನಿಲ್ಲಿಸದ ನಮ್ಮತ್ತೆಯೇ ‘ಪುಶ್ ಆನ್’ ಎಂದೆ. ಅರ್ಧ ಕ್ಲಾಸು ರೇಷ್ಮೆ ಮನೆಯ ಮಕ್ಕಳೇ. ನಮ್ಮವ್ವನೂ ಹಂಗೇ ಮಿಸ್, ನಮ್ಮಜ್ಜಿನೂ ಹಂಗೇ ಮಿಸ್ ಎಂದು ಕೂಗಿದರು. ಹೊರಗೆ ಬಂದಾಗ ಹೆಡ್ ಮೇಡಂ, “ಸೋಮವಾರದಿಂದ ಬನ್ನಿ” ಎಂದರು.

ಬಸ್ಸಿನಲ್ಲಿ ಕುಣಿಯುವಷ್ಟು ಖುಷಿ. ಆದರೆ ಊರು ಹತ್ತಿರವಾದಂತೆ ಯೋಚನೆ ಹತ್ತಿತು. ಇವತ್ತೊಂದು ದಿನವಾದರೆ ಸರಿ, ಪ್ರತಿ ಬೆಳೆಗೂ ನಾನಿಲ್ಲದಿದ್ದರೆ ಹೇಗೆ? ಕೆಲಸಕ್ಕೆ ಹೋಗಬೇಡ ಎಂದುಬಿಟ್ಟರೆ?

ಮನೆಯಲ್ಲಿ ಇನ್ನೂ ಒಂದು ತಟ್ಟೆ ಬಾಕಿ ಇತ್ತು. ಸೀರೆ ಎತ್ತಿ ಕಟ್ಟಿ ಅತ್ತೆಯ ಪಕ್ಕ ಕೂತು ಹುಳ ಆರಿಸತೊಡಗಿದೆ.

“ಏನಂದ್ರವ್ವ?”

“ಸೋಮವಾರದಿಂದ ಬನ್ನಿ ಅಂದ್ರು,” ಎಂದೆ, ತಲೆ ಎತ್ತದೆ.

ಅತ್ತೆ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟರು. ಆಮೇಲೆ ಹೊರಗಿದ್ದ ನನ್ನ ಗಂಡನಿಗೆ ಕೇಳುವಂತೆ ಕೂಗಿದರು:

“ಲೇ ಮಗ, ಮುಂದಿನ್ ಸತಿ ಚಾಕಿ ತರೋವಾಗ ದಿನ ನೋಡ್ಕಂಡ್ ತತ್ತಾ ಕಣ್ಲಾ. ಹುಳ ಹಣ್ಣಾಗೋದು ಭಾನುವಾರಕ್ಕೆ ಬರ್ಬೇಕು. ನಮ್ಮ ಟೀಚರಮ್ಮಂಗೆ ಅವತ್ತೇ ರಜ.”